ಎಂಟ್ರಿ ಫಾರ್ಮ್ ವಿನ್ಯಾಸ: ಬಿಲ್ ಸೇವ್ ಆಗುತ್ತದೆ, ಸಾಲುಗಳು ಖಾಲಿ ಉಳಿಯುತ್ತವೆ

ಹೊಸಪುಟ

ಎಲ್ಲರಿಗೂ ನಮಸ್ಕಾರ. ಒಳಬರುವ ಸಾಮಾನಿನ ಬಿಲ್‌ಗಳನ್ನು ಎಂಟ್ರಿ ಮಾಡಲು ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ (ಡೇಟಾಬೇಸ್ ತಂತ್ರಾಂಶ) ಫಾರ್ಮ್ ಬೇಕಾಗಿದೆ. ಟೇಬಲ್ ಎರಡು. ಒಂದು ಬಿಲ್ (ತಾರೀಖು, ಪೂರೈಕೆದಾರ, ಬಿಲ್ ನಂಬರ್, ಮೊತ್ತ), ಇನ್ನೊಂದು ಅದರ ಸಾಲುಗಳು (ವಸ್ತು, ಪ್ರಮಾಣ, ದರ). ದಿನಕ್ಕೆ ಸುಮಾರು 150 ಬಿಲ್, ಮೂರು ಜನ ಏಕಕಾಲಕ್ಕೆ ಟೈಪ್ ಮಾಡುತ್ತಾರೆ. ವಿಝಾರ್ಡ್ ಕೊಟ್ಟ ಫಾರ್ಮ್ ಬಳಸಿದಾಗ ಬಂದ ತೊಂದರೆಗಳಿವು:

ಸಾಲೇ ಇಲ್ಲದ ಬಿಲ್‌ಗಳು ಟೇಬಲ್‌ನಲ್ಲಿ ಉಳಿಯುತ್ತಿವೆ. ಒಬ್ಬನೇ ಪೂರೈಕೆದಾರನ ಹೆಸರು ನಾಲ್ಕು ಬಗೆಯಲ್ಲಿ ದಾಖಲಾಗಿದೆ. ಟ್ಯಾಬ್ ಒತ್ತುತ್ತಾ ಹೋದರೆ ಗೊತ್ತಾಗದಂತೆ ಮುಂದಿನ ಬಿಲ್‌ಗೆ ಹಾರುತ್ತದೆ. ಆಟೋನಂಬರ್ (ಆಕ್ಸೆಸ್ ತಾನೇ ಕೊಡುವ ಸಂಖ್ಯೆ) ಮಧ್ಯೆ ಮಧ್ಯೆ ಸಂಖ್ಯೆ ಬಿಟ್ಟುಹೋಗುತ್ತಿದೆ. ಕೆಲವು ಬಿಲ್‌ಗಳ ತಾರೀಖು 30-12-1899 ಎಂದು ಬಂದಿದೆ, ಅದು ಎಲ್ಲಿಂದ ಬಂತೋ ತಿಳಿಯುತ್ತಿಲ್ಲ.

ಫಾರ್ಮ್ ಅನ್ನು ಮೊದಲಿಂದ ಮಾಡಲು ತಯಾರಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಕೊಂಡಿ

ಟೇಬಲ್‌ನಿಂದ ಶುರು ಮಾಡಿ. ಫಾರ್ಮ್‌ನಲ್ಲಿ ಹಾಕಿದ ತಪಾಸಣೆ ಆ ಫಾರ್ಮ್ ಮೂಲಕ ಬಂದ ಡೇಟಾಕ್ಕೆ ಮಾತ್ರ ಅನ್ವಯ. ನಾಳೆ ಯಾರೋ ಎಕ್ಸೆಲ್‌ನಿಂದ ಪೇಸ್ಟ್ ಮಾಡಿದರೆ, ಅಪೆಂಡ್ ಕ್ವೆರಿ (ಬೇರೆಡೆಯ ರೆಕಾರ್ಡುಗಳನ್ನು ಟೇಬಲ್‌ಗೆ ಸೇರಿಸುವುದು) ಓಡಿಸಿದರೆ, ಅದು ಯಾವುದೂ ನಿಮ್ಮ ಫಾರ್ಮ್ ಅನ್ನು ಕೇಳುವುದಿಲ್ಲ. ಹಾಗಾಗಿ "ಇದು ಎಂದೂ ಆಗಕೂಡದು" ಎನ್ನುವ ನಿಯಮಗಳೆಲ್ಲ ಟೇಬಲ್‌ನಲ್ಲಿ ಇರಲಿ. ಟೈಪ್ ಮಾಡುವವರ ಕೈಗೆ ಅನುಕೂಲ ಮಾಡುವುದು ಫಾರ್ಮ್‌ನ ಕೆಲಸ.

ನಿಮ್ಮ ಟೇಬಲ್‌ಗೆ ಬೇಕಾದದ್ದು: ತಾರೀಖು, ಪೂರೈಕೆದಾರ, ಬಿಲ್ ನಂಬರ್ ಮೂರಕ್ಕೂ ರಿಕ್ವಯರ್ಡ್ ಯೆಸ್. ಬಿಲ್ ನಂಬರ್ ಟೆಕ್ಸ್ಟ್ ಆಗಿರಲಿ, ಏಕೆಂದರೆ ಸಂಖ್ಯೆ ಫೀಲ್ಡಿನಲ್ಲಿ 00417 ಎಂಬುದು 417 ಆಗುತ್ತದೆ. ಓರೆಗೆರೆ, ಅಕ್ಷರ ಇರುವ ನಂಬರ್ ಒಳಗೇ ಬರುವುದಿಲ್ಲ. ಬಿಲ್ ನಂಬರ್‌ನ ಅಲೋ ಝೀರೋ ಲೆಂತ್ (ಖಾಲಿ ಪಠ್ಯಕ್ಕೆ ಅನುಮತಿ) ನೋ ಮಾಡಿ. ಪೂರೈಕೆದಾರ ಮತ್ತು ಬಿಲ್ ನಂಬರ್ ಎರಡನ್ನೂ ಸೇರಿಸಿ ಒಂದು ಯೂನಿಕ್ ಇಂಡೆಕ್ಸ್ ಹಾಕಿ. ಒಂದೇ ಬಿಲ್ ಇಬ್ಬರ ಕೈಯಲ್ಲಿ ಎರಡು ಸಲ ಎಂಟ್ರಿ ಆಗುವುದನ್ನು ಅದೊಂದೇ ತಡೆಯುತ್ತದೆ. (ಪೂರೈಕೆದಾರರು ಪ್ರತಿ ವರ್ಷ 1ರಿಂದ ನಂಬರ್ ಶುರು ಮಾಡುವವರಾದರೆ ವರ್ಷವನ್ನೂ ಇಂಡೆಕ್ಸ್‌ಗೆ ಸೇರಿಸಬೇಕಾಗುತ್ತದೆ.) ದರ, ಮೊತ್ತಕ್ಕೆ ಕರೆನ್ಸಿ ಟೈಪ್ ಇರಲಿ. ಅದು ದಶಮಾಂಶದ ನಂತರ 4 ಸ್ಥಾನವನ್ನು ನಿಖರವಾಗಿ ಇಡುತ್ತದೆ. ಡಬಲ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ ಟೈಪ್) ಆದರೆ ಕೂಡಿದಾಗ ಪುಡಿ ವ್ಯತ್ಯಾಸಗಳು ಬರುತ್ತವೆ.

ಇನ್ನೊಂದು. ಫೀಲ್ಡಿನ ವ್ಯಾಲಿಡೇಷನ್ ರೂಲ್‌ನಲ್ಲಿ ಬೇರೆ ಫೀಲ್ಡಿನ ಹೆಸರು ಬರೆಯಲಾಗದು. "ತಲುಪಿದ ತಾರೀಖು ಬಿಲ್ ತಾರೀಖಿಗಿಂತ ಹಿಂದೆ ಇರಬಾರದು" ಎಂಬಂಥ ನಿಯಮಕ್ಕೆ ಟೇಬಲ್‌ನ ಪ್ರಾಪರ್ಟಿ ಶೀಟ್ ತೆರೆದು ಅಲ್ಲಿರುವ ವ್ಯಾಲಿಡೇಷನ್ ರೂಲ್ ಬಳಸಬೇಕು.

ವಸ್ತುವಿನ ಐಡಿಯಂಥ ಸಂಖ್ಯೆ ಫೀಲ್ಡಿನ ಡಿಫಾಲ್ಟ್ ವ್ಯಾಲ್ಯೂನಲ್ಲಿ 0 ಕೂತಿದ್ದರೆ ಅಳಿಸಿ. ಐಡಿ 0 ಇರುವ ವಸ್ತು ಇರುವುದಿಲ್ಲವಲ್ಲ, ವಸ್ತು ಆರಿಸದೆ ಸಾಲು ಬಿಟ್ಟಾಗ "ಸಂಬಂಧಿಸಿದ ರೆಕಾರ್ಡ್ ಬೇಕು" ಎಂಬ 3201 ದೋಷ ಬರುತ್ತದೆ. ಟೈಪ್ ಮಾಡುವವರಿಗೆ ಅದರ ತಲೆಬುಡ ಅರ್ಥವಾಗುವುದಿಲ್ಲ.

ಕೀಲಿಮಣೆ

ಟ್ಯಾಬ್ ಹಾರುವ ವಿಷಯ ಮೊದಲು ಮುಗಿಸೋಣ. ಫಾರ್ಮ್‌ನ ಸೈಕಲ್ ಪ್ರಾಪರ್ಟಿ ಆಲ್ ರೆಕಾರ್ಡ್ಸ್ ಎಂದಿರುತ್ತದೆ. ಕರೆಂಟ್ ರೆಕಾರ್ಡ್ ಮಾಡಿ. ಕೊನೆಯ ಪೆಟ್ಟಿಗೆಯಿಂದ ಟ್ಯಾಬ್ ಒತ್ತಿದರೆ ಅದೇ ಬಿಲ್‌ನ ಮೊದಲ ಪೆಟ್ಟಿಗೆಗೆ ಬರುತ್ತದೆ. ಸಬ್‌ಫಾರ್ಮ್‌ಗೆ (ಬಿಲ್ ಫಾರ್ಮ್ ಒಳಗೆ ಕೂರುವ ಸಾಲುಗಳ ಫಾರ್ಮ್) ಮಾತ್ರ ಆಲ್ ರೆಕಾರ್ಡ್ಸ್ ಇರಲಿ, ಅಲ್ಲಿ ಒಂದು ಸಾಲು ಮುಗಿದ ಮೇಲೆ ತಾನಾಗಿ ಹೊಸ ಸಾಲಿಗೆ ಹೋಗಬೇಕು. ಸಬ್‌ಫಾರ್ಮ್‌ನಿಂದ ಹೊರಬರಲು ಕಂಟ್ರೋಲ್ ಟ್ಯಾಬ್.

ಪೆಟ್ಟಿಗೆಗಳ ಕ್ರಮ ಕಾಗದದ ಬಿಲ್‌ನಲ್ಲಿ ಕಣ್ಣು ಓಡುವ ಕ್ರಮದಲ್ಲೇ ಇರಬೇಕು. ಬಿಲ್‌ನಲ್ಲಿ ನಂಬರ್ ಮೇಲೆ, ತಾರೀಖು ಅದರ ಪಕ್ಕ, ಪೂರೈಕೆದಾರ ಕೆಳಗೆ ಇದ್ದರೆ ಪರದೆಯ ಮೇಲೂ ಹಾಗೇ ಇಡಿ. ಡಿಸೈನ್ ಮಾಡುವಾಗ ಪೆಟ್ಟಿಗೆಗಳನ್ನು ಅತ್ತಿತ್ತ ಸರಿಸಿದರೂ ಟ್ಯಾಬ್ ಕ್ರಮ ಹಳೆಯದೇ ಉಳಿದಿರುತ್ತದೆ. ಕೊನೆಯಲ್ಲಿ ಟ್ಯಾಬ್ ಆರ್ಡರ್ ತೆರೆದು ನೋಡುವುದನ್ನು ಮರೆಯಬೇಡಿ. ಆಟೋ ಆರ್ಡರ್ ಬಟನ್ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಜೋಡಿಸುತ್ತದೆ; ಎರಡು ಕಾಲಂ ವಿನ್ಯಾಸವಾದರೆ ಅದು ಸರಿಹೋಗದು, ಕೈಯಾರೆ ಎಳೆದು ಜೋಡಿಸಿ.

ಓದಲಷ್ಟೇ ಇರುವ ಪೆಟ್ಟಿಗೆಗಳಿಗೆ (ಲೆಕ್ಕ ಹಾಕಿದ ಮೊತ್ತ, ಎಂಟ್ರಿ ಸಮಯ) ಎನೇಬಲ್ಡ್ ನೋ ಜೊತೆಗೆ ಲಾಕ್ಡ್ ಯೆಸ್ ಮಾಡಿ. ಎನೇಬಲ್ಡ್ ನೋ ಮಾತ್ರ ಮಾಡಿದರೆ ಅಕ್ಷರ ಮಸುಕಾಗಿ ಓದಲು ಕಷ್ಟ. ಎರಡನ್ನೂ ಸೇರಿಸಿದರೆ ಅಕ್ಷರ ಸ್ಪಷ್ಟವಾಗಿರುತ್ತದೆ, ಕರ್ಸರ್ ಅಲ್ಲಿಗೆ ಹೋಗುವುದೂ ಇಲ್ಲ.

ಟೈಪ್ ಮಾಡುವವರಿಗೆ ಈ ಕೀಲಿಗಳನ್ನು ಬರೆದುಕೊಡಿ: ಕಂಟ್ರೋಲ್ ಜೊತೆ ಅರ್ಧವಿರಾಮ ಚಿಹ್ನೆ ಒತ್ತಿದರೆ ಇಂದಿನ ತಾರೀಖು, ಕಂಟ್ರೋಲ್ ಜೊತೆ ಒಂಟಿ ಉದ್ಧರಣ ಚಿಹ್ನೆ ಒತ್ತಿದರೆ ಹಿಂದಿನ ರೆಕಾರ್ಡಿನ ಅದೇ ಪೆಟ್ಟಿಗೆಯಲ್ಲಿದ್ದದ್ದು, ಶಿಫ್ಟ್ ಎಂಟರ್ ಸೇವ್‌ಗೆ, ಎಸ್ಕೇಪ್ ಒಮ್ಮೆ ಒತ್ತಿದರೆ ಆ ಪೆಟ್ಟಿಗೆಯ ಬದಲಾವಣೆ ರದ್ದು, ಎರಡನೇ ಸಲ ಒತ್ತಿದರೆ ಇಡೀ ರೆಕಾರ್ಡಿನದು ರದ್ದು. 150 ಬಿಲ್ ಎಂದರೆ ಪ್ರತಿ ಸಲ ಮೌಸ್‌ಗೆ ಕೈ ಹೋಗುವುದು ದೊಡ್ಡ ಖರ್ಚು.

ಹೊಸಪುಟ

ತುಂಬಾ ಧನ್ಯವಾದ. ಸೈಕಲ್ ಬದಲಿಸಿದೆ, ಹಾರುವುದು ನಿಂತಿತು. ಕೊಂಡಿ ಸರ್, ಸಾಲಿಲ್ಲದ ಬಿಲ್ ತಡೆಯಲು ಮುಖ್ಯ ಫಾರ್ಮ್‌ನ ಬಿಫೋರ್ ಅಪ್‌ಡೇಟ್‌ನಲ್ಲಿ (ರೆಕಾರ್ಡ್ ಸೇವ್ ಆಗುವ ಮುನ್ನ ಓಡುವ ಈವೆಂಟ್) ಸಾಲುಗಳನ್ನು ಎಣಿಸಿ, 0 ಇದ್ದರೆ ಕ್ಯಾನ್ಸಲ್ ಮಾಡಿದೆ. ಈಗ ಯಾವ ಬಿಲ್ಲೂ ಸೇವ್ ಆಗುತ್ತಿಲ್ಲ!

ಕೊಂಡಿ

ಆಗುವುದೇ ಇಲ್ಲ, ಕಾರಣ ನೋಡಿ. ಮುಖ್ಯ ಫಾರ್ಮ್‌ನಿಂದ ಸಬ್‌ಫಾರ್ಮ್ ಒಳಗೆ ಕರ್ಸರ್ ಕಾಲಿಟ್ಟ ಕ್ಷಣ ಆಕ್ಸೆಸ್ ಬಿಲ್ ಅನ್ನು ಸೇವ್ ಮಾಡುತ್ತದೆ. ಸಾಲಿಗೆ ತಾಯಿ ರೆಕಾರ್ಡ್ ಬೇಕಲ್ಲ, ಅದಿಲ್ಲದೆ ಸಾಲು ನಿಲ್ಲದು. ಅಂದರೆ ಬಿಫೋರ್ ಅಪ್‌ಡೇಟ್ ಓಡುವಾಗ ಸಾಲುಗಳು ಇನ್ನೂ ಹುಟ್ಟಿಯೇ ಇರುವುದಿಲ್ಲ. ಎಣಿಕೆ ಯಾವಾಗಲೂ 0.

ದಾರಿ ಹೀಗೆ. ಬಿಲ್ ಟೇಬಲ್‌ಗೆ "ಮುಗಿದಿದೆ" ಎಂಬ ಯೆಸ್/ನೋ ಫೀಲ್ಡ್ ಸೇರಿಸಿ, ಡಿಫಾಲ್ಟ್ ನೋ. ಮುಖ್ಯ ಫಾರ್ಮ್‌ನ ಕೆಳಗೆ "ಬಿಲ್ ಮುಗಿಸು" ಎಂಬ ಬಟನ್. ಕಾಗದದಲ್ಲಿರುವ ಒಟ್ಟು ಮೊತ್ತವನ್ನು ಮುಖ್ಯ ಫಾರ್ಮ್‌ನಲ್ಲಿ ಕೈಯಾರೆ ಟೈಪ್ ಮಾಡಿಸಿ. ಬಟನ್ ಒತ್ತಿದಾಗ ಕರ್ಸರ್ ಸಬ್‌ಫಾರ್ಮ್‌ನಿಂದ ಹೊರಬರುವುದರಿಂದ ಕೊನೆಯ ಸಾಲೂ ಸೇವ್ ಆಗಿರುತ್ತದೆ. ಆಗ ಸಾಲುಗಳ ಸಂಖ್ಯೆ 1ಕ್ಕಿಂತ ಕಡಿಮೆ ಇದೆಯೇ, ಸಾಲುಗಳ ಮೊತ್ತ ಟೈಪ್ ಮಾಡಿದ ಮೊತ್ತಕ್ಕೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾದರೆ ಮಾತ್ರ "ಮುಗಿದಿದೆ" ಯೆಸ್ ಆಗಲಿ. ವರದಿಗಳೆಲ್ಲ ಮುಗಿದ ಬಿಲ್‌ಗಳನ್ನಷ್ಟೇ ಎತ್ತಿಕೊಳ್ಳಲಿ. ದಿನದ ಕೊನೆಯಲ್ಲಿ ಮುಗಿಯದವುಗಳ ಪಟ್ಟಿ ತೋರಿಸುವ ಒಂದು ಕ್ವೆರಿ ಇದ್ದರೆ ಅರ್ಧಕ್ಕೆ ಬಿಟ್ಟ ಬಿಲ್ ಯಾವುದೂ ತಪ್ಪಿಸಿಕೊಳ್ಳದು.

ಈ ತಾಳೆ ಸಾಲಿಲ್ಲದ ಬಿಲ್ ಹಿಡಿಯುವುದಲ್ಲದೆ, 56ರ ಬದಲು 65 ಎಂದು ಅಂಕಿ ತಿರುಗಿಸಿ ಟೈಪ್ ಮಾಡಿದ್ದನ್ನೂ, ಬಿಟ್ಟುಹೋದ ಸಾಲನ್ನೂ ಹಿಡಿಯುತ್ತದೆ. ನನ್ನ ಪ್ರಕಾರ ಎಂಟ್ರಿ ಫಾರ್ಮ್‌ನಲ್ಲಿ ಅತಿ ಹೆಚ್ಚು ಫಲ ಕೊಡುವ ಒಂದೇ ಪೆಟ್ಟಿಗೆ ಅದು.

ತಾಳೆ ನೋಡುವಾಗ ಎರಡೂ ಸಮವೇ ಎಂದು ಕೇಳಬೇಡಿ. ಪ್ರಮಾಣ ಡಬಲ್ ಆಗಿದ್ದರೆ ಗುಣಲಬ್ಧವೂ ಡಬಲ್. ವ್ಯತ್ಯಾಸ 0.005ಕ್ಕಿಂತ ಕಡಿಮೆಯೇ ಎಂದು ಕೇಳಿ. ವಿಬಿಎ (ಆಕ್ಸೆಸ್‌ನಲ್ಲಿ ಕೋಡ್ ಬರೆಯುವ ಭಾಷೆ) ರೌಂಡ್ ಫಂಕ್ಷನ್ 2.5 ಅನ್ನು 2 ಮಾಡುತ್ತದೆ, 3.5 ಅನ್ನು 4 ಮಾಡುತ್ತದೆ. ಅದನ್ನು ನಂಬಿ ತಾಳೆ ಹಾಕಿದರೆ ಕಾಗದದ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಹೊಂದದೆ ಹೋಗಬಹುದು.

ಮೊತ್ತದ ಪೆಟ್ಟಿಗೆ ಸಬ್‌ಫಾರ್ಮ್‌ನ ಫುಟರ್‌ನಲ್ಲಿ ಇರಲಿ. ಸಮ್ ಒಳಗೆ ಫೀಲ್ಡಿನ ಹೆಸರು ಬರಬೇಕು (ಪ್ರಮಾಣ ಗುಣಿಸು ದರ). ಸಾಲಿನ ಮೊತ್ತ ತೋರಿಸುವ ಪೆಟ್ಟಿಗೆಯ ಹೆಸರನ್ನು ಸಮ್‌ಗೆ ಕೊಟ್ಟರೆ ಎರರ್ ಎಂದು ತೋರಿಸುತ್ತದೆ. ಮುಖ್ಯ ಫಾರ್ಮ್‌ನಿಂದ ಅದನ್ನು ಓದುವಾಗ ಸಬ್‌ಫಾರ್ಮ್ ಕಂಟ್ರೋಲ್‌ನ ಹೆಸರು ಬಳಸಬೇಕು. ನ್ಯಾವಿಗೇಷನ್ ಪೇನ್‌ನಲ್ಲಿ ಕಾಣುವ ಫಾರ್ಮ್ ಹೆಸರು ಬೇರೆಯೇ ಇರಬಹುದು, ಹೆಚ್ಚಿನವರು ಎಡವುವುದು ಇಲ್ಲೇ.

ಬೇಸ್‌ಬಳಕೆ

ಲಿಬ್ರೆಆಫೀಸ್ ಬೇಸ್ (ಆಕ್ಸೆಸ್‌ನಂಥದೇ ಇನ್ನೊಂದು ತಂತ್ರಾಂಶ) ಬಳಸುವವರಿಗೂ ಇದೇ ತರ್ಕ. ಆದರೆ ಪೂರೈಕೆದಾರನ ಹೆಸರು ನಾಲ್ಕು ಬಗೆ ಆಗುವ ವಿಷಯದಲ್ಲಿ ಒಂದು ದೊಡ್ಡ ಎಚ್ಚರಿಕೆ: ಬೇಸ್‌ನಲ್ಲಿ ಕಾಂಬೋ ಬಾಕ್ಸ್ (ಟೈಪ್ ಮಾಡಲೂ ಪಟ್ಟಿಯಿಂದ ಆರಿಸಲೂ ಆಗುವ ಪೆಟ್ಟಿಗೆ) ಪಠ್ಯವನ್ನೇ ಸೇವ್ ಮಾಡುತ್ತದೆ, ಐಡಿಯನ್ನಲ್ಲ. ಐಡಿ ಬೇಕಾದಲ್ಲಿ ಲಿಸ್ಟ್ ಬಾಕ್ಸ್ ಹಾಕಿ. ಅದರ ಪಟ್ಟಿಯ ಎಸ್‌ಕ್ಯೂಎಲ್‌ನಲ್ಲಿ ಮೊದಲು ಹೆಸರು, ನಂತರ ಐಡಿ. ಬೌಂಡ್ ಫೀಲ್ಡ್ 1. ಎಣಿಕೆ 0ಯಿಂದ ಶುರು, ಹಾಗಾಗಿ 1 ಎಂದರೆ ಎರಡನೇ ಕಾಲಂ.

ಎಂಟ್ರಿಗೆ ಮಾತ್ರ ತೆರೆಯುವ ಫಾರ್ಮ್‌ಗೆ ಆಡ್ ಡೇಟಾ ಓನ್ಲಿ ಯೆಸ್ ಮಾಡಿ. ಎಂಬೆಡೆಡ್ ಡೇಟಾಬೇಸ್ ಆದರೆ ಡೇಟಾ ಒಡಿಬಿ ಫೈಲ್ ಒಳಗೇ ಜಿಪ್ ಆಗಿ ಕೂತಿರುತ್ತದೆ. ರೆಕಾರ್ಡ್ ಸೇವ್ ಮಾಡಿದರೂ ಫೈಲ್ ಸೇವ್ ಮಾಡದೆ ಕರೆಂಟ್ ಹೋದರೆ ಡೇಟಾ ಕೈಬಿಡುವ ಅಪಾಯ ಇದೆ. ಮೂರು ಜನ ಟೈಪ್ ಮಾಡುವ ಕೆಲಸಕ್ಕೆ ಎಂಬೆಡೆಡ್ ಬೇಡವೇ ಬೇಡ, ಬೇಸ್ ಅನ್ನು ಬೇರೆ ಡೇಟಾಬೇಸ್ ಸರ್ವರ್‌ಗೆ ಜೋಡಿಸಿ.

ಕೊಂಡಿ

ಆಕ್ಸೆಸ್‌ನ ಕಾಂಬೋ ಬೇರೆ ರೀತಿ. ವಸ್ತುವಿನ ಕಾಂಬೋ ಉದಾಹರಣೆ ತೆಗೆದುಕೊಳ್ಳಿ. ರೋ ಸೋರ್ಸ್‌ನಲ್ಲಿ ಐಡಿ, ಹೆಸರು, ದರ ಮೂರು ಕಾಲಂ. ಕಾಲಂ ಕೌಂಟ್ 3. ಕಾಲಂ ವಿಡ್ತ್ಸ್ 0, 6, 2 ಸೆಂಟಿಮೀಟರ್. ಬೌಂಡ್ ಕಾಲಂ 1. ಲಿಮಿಟ್ ಟು ಲಿಸ್ಟ್ ಯೆಸ್. ಮೊದಲ ಕಾಲಂನ ಅಗಲ 0 ಆದ್ದರಿಂದ ಕಣ್ಣಿಗೆ ಹೆಸರು ಕಾಣುತ್ತದೆ, ಟೇಬಲ್‌ಗೆ ಐಡಿ ಹೋಗುತ್ತದೆ. ಆಫ್ಟರ್ ಅಪ್‌ಡೇಟ್‌ನಲ್ಲಿ ದರವನ್ನು ಸಾಲಿಗೆ ನಕಲಿಸಿ, ಏಕೆಂದರೆ ವಸ್ತುವಿನ ದರ ನಾಳೆ ಬದಲಾದರೂ ಈ ಬಿಲ್‌ನದು ಬದಲಾಗಬಾರದು. ಅಲ್ಲಿ ಕಾಲಂ 2 ಎಂದು ಬರೆಯಬೇಕು. ಪ್ರಾಪರ್ಟಿ ಶೀಟ್‌ನ ಬೌಂಡ್ ಕಾಲಂ 1ರಿಂದ ಎಣಿಸುತ್ತದೆ, ಕೋಡ್‌ನ ಕಾಲಂ 0ಯಿಂದ. ಮೂರನೆಯದೆಂದು ಕಾಲಂ 3 ಬರೆದರೆ ದರ ಖಾಲಿ ಬರುತ್ತದೆ.

ಪಟ್ಟಿಯಲ್ಲಿ ಇಲ್ಲದ ಪೂರೈಕೆದಾರ ಬಂದರೆ ಕೆಲಸ ನಿಲ್ಲಬಾರದು. ಕೋಡ್ ಬೇಡವೆಂದರೆ ಲಿಸ್ಟ್ ಐಟಮ್ಸ್ ಎಡಿಟ್ ಫಾರ್ಮ್‌ನಲ್ಲಿ ಪೂರೈಕೆದಾರರ ಫಾರ್ಮ್ ಹೆಸರು ಕೊಡಿ; ಆಕ್ಸೆಸ್ 2007ರಿಂದ ಈ ಸೌಲಭ್ಯ ಇದೆ. ಆದರೆ ಹೊಸ ಹೆಸರು ಸೇರಿಸುವ ಮೊದಲು ಹತ್ತಿರದ ಹೆಸರುಗಳನ್ನು ತೋರಿಸುವುದು ಒಳ್ಳೆಯದು, ಇಲ್ಲದಿದ್ದರೆ ಐದನೇ ಬಗೆಯೂ ಹುಟ್ಟುತ್ತದೆ.

ವರ್ಗ ಆರಿಸಿದರೆ ಆ ವರ್ಗದ ವಸ್ತುಗಳು ಮಾತ್ರ ಕಾಣುವಂತೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಸಾಲುಸಾಲಾಗಿ ಕಾಣುವ ಕಂಟಿನ್ಯೂಯಸ್ ಫಾರ್ಮ್‌ನಲ್ಲಿ ಹಾಗೆ ಮಾಡಿದರೆ ಉಳಿದ ಸಾಲುಗಳ ವಸ್ತುವಿನ ಹೆಸರು ಖಾಲಿ ಕಾಣುತ್ತದೆ. ಗಾಬರಿ ಬೇಡ, ಡೇಟಾ ಎಲ್ಲೂ ಹೋಗಿಲ್ಲ. ಎಲ್ಲ ಸಾಲಿಗೂ ಪಟ್ಟಿ ಒಂದೇ, ಆ ಪಟ್ಟಿಯಲ್ಲಿ ಐಡಿ ಸಿಗದಿದ್ದರೆ ತೋರಿಸಲು ಹೆಸರಿಲ್ಲ, ಅಷ್ಟೆ. ಎಂಟರ್ ಈವೆಂಟ್‌ನಲ್ಲಿ ಪಟ್ಟಿ ಸೋಸಿ, ಎಕ್ಸಿಟ್‌ನಲ್ಲಿ ಪೂರ್ತಿ ಪಟ್ಟಿ ಮರಳಿಸಿ.

ಆಟೋನಂಬರ್ ಬಗ್ಗೆ: ಟೈಪ್ ಮಾಡಲು ಶುರು ಮಾಡಿದ ಕ್ಷಣ ಸಂಖ್ಯೆ ಖರ್ಚಾಗುತ್ತದೆ, ಎಸ್ಕೇಪ್ ಒತ್ತಿದರೂ ಮರಳುವುದಿಲ್ಲ. ಅದನ್ನು ಒಳಗಿನ ಕೊಂಡಿಯಾಗಿ ಮಾತ್ರ ಬಳಸಿ. ಜನರಿಗೆ ತೋರುವ ಕ್ರಮಸಂಖ್ಯೆ ಬೇಕಾದರೆ ಬೇರೆ ಫೀಲ್ಡ್ ಇಟ್ಟು, ಹೊಸ ರೆಕಾರ್ಡಿನ ಬಿಫೋರ್ ಅಪ್‌ಡೇಟ್‌ನಲ್ಲಿ ಡಿಮ್ಯಾಕ್ಸ್‌ಗೆ (ಟೇಬಲ್‌ನಲ್ಲಿರುವ ಅತಿ ದೊಡ್ಡ ಸಂಖ್ಯೆ ಕೊಡುವ ಫಂಕ್ಷನ್) 1 ಕೂಡಿಸಿ. ಡಿಫಾಲ್ಟ್ ವ್ಯಾಲ್ಯೂನಲ್ಲಿ ಇದನ್ನು ಹಾಕಿದರೆ ಮೂರು ಜನರಿಗೂ ಫಾರ್ಮ್ ತೆರೆದಾಗ ಒಂದೇ ಸಂಖ್ಯೆ ಸಿಗುತ್ತದೆ. ಬಿಫೋರ್ ಅಪ್‌ಡೇಟ್‌ನಲ್ಲೂ ಇಬ್ಬರು ಒಂದೇ ಕ್ಷಣ ಸೇವ್ ಮಾಡುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಯೂನಿಕ್ ಇಂಡೆಕ್ಸ್ ಇರಬೇಕು. ಘರ್ಷಣೆಯಾದರೆ ದೋಷ 3022 ಬರುತ್ತದೆ. ಫಾರ್ಮ್‌ನ ಆನ್ ಎರರ್‌ನಲ್ಲಿ ಅದನ್ನು ಹಿಡಿದು "ಮತ್ತೊಮ್ಮೆ ಸೇವ್ ಮಾಡಿ" ಎಂದು ಹೇಳಿದರೆ ಸಾಕು. ಆದರೆ ನಿಮ್ಮಲ್ಲಿ ಪೂರೈಕೆದಾರ–ಬಿಲ್ ನಂಬರ್ ಇಂಡೆಕ್ಸ್ ಕೂಡ ಇದೇ 3022 ಕೊಡುತ್ತದೆ. ಯಾವ ಇಂಡೆಕ್ಸ್ ಎಂದು ಮೊದಲು ಡಿಲುಕಪ್ (ಟೇಬಲ್‌ನಲ್ಲಿ ಹುಡುಕುವ ಫಂಕ್ಷನ್) ಮಾಡಿ ತಿಳಿದುಕೊಂಡು ತಕ್ಕ ಸಂದೇಶ ತೋರಿಸಿ.

ಅಕ್ಷರಮಾಲೆ

ಹೆಸರು ನಾಲ್ಕು ಬಗೆ ಆಗುವುದಕ್ಕೆ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಕಾರಣ ಇದೆ, ಅದು ಕಣ್ಣಿಗೆ ಕಾಣದು. "ರಾಜ್‌ಕುಮಾರ್" ಎಂಬಲ್ಲಿ ಜ್ ಮತ್ತು ಕು ಮಧ್ಯೆ ಝಡ್‌ಡಬ್ಲ್ಯುಎನ್‌ಜೆ ಎಂಬ ಅಗೋಚರ ಅಕ್ಷರ ಇದೆ, ಒತ್ತಕ್ಷರ ಆಗದಂತೆ ತಡೆಯುವುದು ಅದೇ. ಕೆಲವು ಕೀಲಿಮಣೆಗಳಲ್ಲಿ ಪದದ ಕೊನೆಯ ರ್ ಆದಮೇಲೂ ಅದು ಸೇರಿಕೊಳ್ಳುತ್ತದೆ. ಪರದೆಯ ಮೇಲೆ ಎರಡೂ "ಕುಮಾರ್" ಒಂದೇ; ಉದ್ದ ಅಳೆದರೆ ಒಂದು 6, ಇನ್ನೊಂದು 7. ಹಾಗೆಯೇ "ೇ" ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, "ೆ" ಮತ್ತು ದೀರ್ಘಚಿಹ್ನೆ "ೕ" ಎಂಬ ಎರಡರಿಂದಲೂ ಬರೆಯಬಹುದು.

ಮೂಲ ಹೆಸರಿನಿಂದ ಇವನ್ನು ಕಿತ್ತುಹಾಕಬೇಡಿ, ಓದುವಾಗ ರೂಪ ಕೆಡುತ್ತದೆ. "ಹುಡುಕು ಹೆಸರು" ಎಂದು ಇನ್ನೊಂದು ಫೀಲ್ಡ್ ಇಟ್ಟು, ಬಿಫೋರ್ ಅಪ್‌ಡೇಟ್‌ನಲ್ಲಿ ರಿಪ್ಲೇಸ್ ಬಳಸಿ 8204 (ಝಡ್‌ಡಬ್ಲ್ಯುಎನ್‌ಜೆ) ಮತ್ತು 8205 (ಅದರಂತೆಯೇ ಅಗೋಚರವಾದ ಝಡ್‌ಡಬ್ಲ್ಯುಜೆ) ಸಂಕೇತಗಳನ್ನು ತೆಗೆದು, ಜೋಡಿ ಖಾಲಿ ಜಾಗ ಒಂದು ಮಾಡಿ, ಎರಡು ಭಾಗದ ಏತ್ವವನ್ನು ಒಂದಾಗಿಸಿ ಅಲ್ಲಿ ಇಡಿ. ಯೂನಿಕ್ ಇಂಡೆಕ್ಸ್ ಅದರ ಮೇಲಿರಲಿ.

ಇನ್‌ಪುಟ್ ಮಾಸ್ಕ್ ಕನ್ನಡ ಪಠ್ಯಕ್ಕೆ ಹಾಕಲೇಬೇಡಿ. ಮಾಸ್ಕ್ ಎಣಿಸುವುದು ಸಂಕೇತಗಳನ್ನು. "ಕ್ಷೇ" ನಮಗೆ ಒಂದು ಅಕ್ಷರ, ಅದಕ್ಕೆ ನಾಲ್ಕು. ಫೀಲ್ಡ್ ಸೈಜ್ 20 ಎಂದಿಟ್ಟರೂ ಇದೇ ಲೆಕ್ಕ. ಹೆಸರಿಗೆ 100 ಇಡಿ, ಶಾರ್ಟ್ ಟೆಕ್ಸ್ಟ್ 255ರವರೆಗೂ ಹೋಗುತ್ತದೆ.

ಪ್ರತಿ ಪೆಟ್ಟಿಗೆಗೂ ಕೀಬೋರ್ಡ್ ಲ್ಯಾಂಗ್ವೇಜ್ ಎಂಬ ಪ್ರಾಪರ್ಟಿ ಇದೆ, ಪ್ರಾಪರ್ಟಿ ಶೀಟ್‌ನ "ಅದರ್" ಟ್ಯಾಬ್‌ನಲ್ಲಿ ನೋಡಿ. ಹೆಸರಿಗೆ ಕನ್ನಡ, ಬಿಲ್ ನಂಬರ್‌ಗೆ ಇಂಗ್ಲಿಷ್ ಆರಿಸಿದರೆ ಕರ್ಸರ್ ಬಂದಾಗ ಕೀಲಿಮಣೆ ತಾನೇ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಸೇರಿಸಿದ ಕೀಲಿಮಣೆಗಳಿಗೆ ಮಾತ್ರ ಇದು ಅನ್ವಯ.

ಕನ್ನಡದ ಸಂದೇಶಗಳನ್ನು ವಿಬಿಎ ಕೋಡ್ ಒಳಗೆ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಆ ಎಡಿಟರ್‌ಗೆ ಯೂನಿಕೋಡ್ ಗೊತ್ತಿಲ್ಲ. ವ್ಯಾಲಿಡೇಷನ್ ಟೆಕ್ಸ್ಟ್‌ನಲ್ಲಿ ನೇರವಾಗಿ ಕನ್ನಡ ಬರೆಯಬಹುದು. ಉಳಿದ ಸಂದೇಶಗಳನ್ನು ಒಂದು ಟೇಬಲ್‌ನಲ್ಲಿಟ್ಟು, ಫಾರ್ಮ್ ಮೇಲಿನ ಲೇಬಲ್‌ನ ಕ್ಯಾಪ್ಷನ್‌ಗೆ ತುಂಬಿ ತೋರಿಸಿ. ಮೆಸೇಜ್ ಬಾಕ್ಸ್‌ಗಿಂತ ಅದೇ ಮೇಲು, ಎಂಟರ್ ಒತ್ತುವ ರಭಸದಲ್ಲಿ ಓದದೆ ಮುಚ್ಚಿಹೋಗುವುದಿಲ್ಲ.

ಕೀಲಿಮಣೆ

ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಕಡ್ಡಾಯ ಪೆಟ್ಟಿಗೆ ಖಾಲಿ ಇದ್ದರೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ತೆಳು ಹಳದಿ ಬರುವಂತೆ ಮಾಡಿ, ತುಂಬಿದಾಗ ಬಿಳಿ. ಅದಕ್ಕೆ ಸಂದೇಶವೂ ಬೇಡ.

"ಖಾಲಿ ಬಿಟ್ಟಿದ್ದಾರೆಯೇ" ಎಂಬ ತಪಾಸಣೆಯನ್ನು ಪೆಟ್ಟಿಗೆಯ ಬಿಫೋರ್ ಅಪ್‌ಡೇಟ್‌ನಲ್ಲಿ ಬರೆಯಬೇಡಿ. ಆ ಪೆಟ್ಟಿಗೆಯಲ್ಲಿ ಏನಾದರೂ ಬದಲಿಸಿದರೆ ಮಾತ್ರ ಅದು ಓಡುತ್ತದೆ, ಮುಟ್ಟದೆ ದಾಟಿದವರಿಗೆ ಓಡುವುದಿಲ್ಲ. ಅದು ಫಾರ್ಮ್‌ನ ಬಿಫೋರ್ ಅಪ್‌ಡೇಟ್‌ನಲ್ಲಿ ಇರಬೇಕು, ಕ್ಯಾನ್ಸಲ್ ಟ್ರೂ ಮಾಡಿ ಖಾಲಿ ಪೆಟ್ಟಿಗೆಗೇ ಕರ್ಸರ್ ಒಯ್ಯಬೇಕು. ಹಾಗೆಯೇ ಫಾರ್ಮ್‌ನ ಕರೆಂಟ್ ಈವೆಂಟ್‌ನಲ್ಲಿ ತಾರೀಖಿನಂಥ ಬೆಲೆ ತುಂಬಬೇಡಿ. ಹೊಸ ರೆಕಾರ್ಡಿಗೆ ಬಂದ ಮಾತ್ರಕ್ಕೆ ಅದು ಶುರುವಾದಂತಾಗಿ, ಏನೂ ಟೈಪ್ ಮಾಡದೆ ಹೊರಟರೂ ಅರೆಬರೆ ರೆಕಾರ್ಡ್ ಬೀಳುತ್ತದೆ.

ಹೊಸಪುಟ

ತಾರೀಖು ತುಂಬುವುದಕ್ಕೆ ಡಿಫಾಲ್ಟ್ ವ್ಯಾಲ್ಯೂ ಬಳಸಿದ್ದೇನೆ. ಒಂದು ಕಟ್ಟು ಬಿಲ್‌ಗಳಿಗೆ ಒಂದೇ ತಾರೀಖು ಇರುತ್ತದೆ, ಹಾಗಾಗಿ ಆಫ್ಟರ್ ಅಪ್‌ಡೇಟ್‌ನಲ್ಲಿ ಟೈಪ್ ಮಾಡಿದ ತಾರೀಖನ್ನೇ ಮುಂದಿನದಕ್ಕೆ ಡಿಫಾಲ್ಟ್ ಮಾಡುತ್ತೇನೆ. 1899 ಇಲ್ಲಿಂದಲೇ ಬರುತ್ತಿದೆಯೇ?

ಕೊಂಡಿ

ಅಲ್ಲಿಂದಲೇ. ಡಿಫಾಲ್ಟ್ ವ್ಯಾಲ್ಯೂ ಎನ್ನುವುದು ಒಂದು ಸೂತ್ರ. 12/05/2024 ಎಂದು ಬರಿದೇ ಕೊಟ್ಟರೆ ಆಕ್ಸೆಸ್ ಅದನ್ನು ಭಾಗಾಕಾರ ಎಂದು ಓದುತ್ತದೆ: 12 ಭಾಗಿಸು 5, ಅದನ್ನು ಭಾಗಿಸು 2024, ಉತ್ತರ ಸುಮಾರು 0.0012. ಆಕ್ಸೆಸ್‌ನಲ್ಲಿ ತಾರೀಖಿನ ಸೊನ್ನೆ 30-12-1899. ಆ ಪೆಟ್ಟಿಗೆಯಲ್ಲಿ ಸಮಯವನ್ನೂ ತೋರಿಸಿ ನೋಡಿ, ನಡುರಾತ್ರಿ ದಾಟಿ 1 ನಿಮಿಷ 42 ಸೆಕೆಂಡ್ ಎಂದಿರುತ್ತದೆ. ಅಡ್ಡಗೆರೆ ಬಳಸುವ ಕಂಪ್ಯೂಟರ್ ಆದರೆ 12-05-2024 ಕಳೆಯುವ ಲೆಕ್ಕವಾಗಿ ಮೈನಸ್ 2017 ಬರುತ್ತದೆ, ತಾರೀಖು 22-06-1894 ಆಗುತ್ತದೆ.

ಸಿಎಲ್‌ಎನ್‌ಜಿ ಬಳಸಿ ತಾರೀಖನ್ನು ಪೂರ್ಣಾಂಕ ಮಾಡಿ ಕೊಡಿ. 12-05-2024ಕ್ಕೆ 45424 ಎಂದು ಹೋಗುತ್ತದೆ. ಯಾವ ದೇಶದ ತಾರೀಖು ಕ್ರಮ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪಠ್ಯ ಫೀಲ್ಡಿಗೆ ಇದೇ ತಂತ್ರ ಬಳಸುವುದಾದರೆ ಬೆಲೆಯ ಸುತ್ತ ಜೋಡಿ ಉದ್ಧರಣ ಚಿಹ್ನೆ ಇರಬೇಕು.

ಇನ್ನೊಂದು ತಾರೀಖಿನ ಬಲೆ: ದಿನ-ತಿಂಗಳು-ವರ್ಷ ಕ್ರಮದ ಕಂಪ್ಯೂಟರಿನಲ್ಲಿ 03/25/2024 ಟೈಪ್ ಮಾಡಿದರೆ ಆಕ್ಸೆಸ್ ತಪ್ಪು ಎನ್ನದೆ ಮಾರ್ಚ್ 25 ಎಂದು ತಿರುಗಿಸಿಕೊಳ್ಳುತ್ತದೆ. ಫಾರ್ಮ್ಯಾಟ್‌ನಲ್ಲಿ ತಿಂಗಳ ಹೆಸರು ಕಾಣುವಂತೆ ಮಾಡಿ, ತಿರುಗಿದ್ದು ಆ ಕ್ಷಣವೇ ಕಣ್ಣಿಗೆ ಬೀಳುತ್ತದೆ.

ಹೊಸಪುಟ

ಸಮಯ ತೋರಿಸಿ ನೋಡಿದೆ, ಒಂದರಲ್ಲಿ 1 ನಿಮಿಷ 42 ಸೆಕೆಂಡ್ ಎಂದೇ ಇದೆ. ಹಾಗಾದರೆ ಈ ಭಾಗಲಬ್ಧದಿಂದ ಹಳೆಯ ತಾರೀಖುಗಳನ್ನು ಹಿಂದಕ್ಕೆ ಪಡೆಯಬಹುದೇ?

ಕೊಂಡಿ

ನಂಬುವ ಹಾಗಿಲ್ಲ. 12/05/2024 ಮತ್ತು 24/10/2024 ಎರಡಕ್ಕೂ ಒಂದೇ ಭಾಗಲಬ್ಧ ಬರುತ್ತದೆ. 1-1-2000ಕ್ಕಿಂತ ಹಿಂದಿನ ತಾರೀಖು ಇರುವ ಬಿಲ್‌ಗಳ ಕ್ವೆರಿ ಮಾಡಿ, ಬಿಲ್ ನಂಬರ್ ಜೊತೆ ಪ್ರಿಂಟ್ ತೆಗೆದು ಕಾಗದ ನೋಡಿಯೇ ತಿದ್ದಿ. ತಿದ್ದಿ ಮುಗಿದ ಮೇಲೆ ಟೇಬಲ್‌ನ ತಾರೀಖು ಫೀಲ್ಡಿಗೆ 1-1-2000 ಅಥವಾ ಆಮೇಲಿನದು ಎಂಬ ವ್ಯಾಲಿಡೇಷನ್ ರೂಲ್ ಹಾಕಿ. ಸೇವ್ ಮಾಡುವಾಗ ಇರುವ ಡೇಟಾವನ್ನು ಹೊಸ ನಿಯಮಕ್ಕೆ ಪರೀಕ್ಷಿಸಲೇ ಎಂದು ಕೇಳುತ್ತದೆ, ಯೆಸ್ ಎನ್ನಿ. ಒಂದು ಬಿಲ್ ಬಿಟ್ಟುಹೋಗಿದ್ದರೂ ಅಲ್ಲೇ ಗೊತ್ತಾಗುತ್ತದೆ.

ಇದನ್ನೆಲ್ಲ ಮಾಡುವ ಮೊದಲು ಫೈಲ್ ಎರಡು ಮಾಡಿ: ಟೇಬಲ್‌ಗಳದ್ದು ನೆಟ್‌ವರ್ಕ್ ಫೋಲ್ಡರ್‌ನಲ್ಲಿ, ಫಾರ್ಮ್‌ಗಳದ್ದು ಮೂವರ ಕಂಪ್ಯೂಟರಿನಲ್ಲೂ ಬೇರೆ ಬೇರೆ ಪ್ರತಿ. ಫಾರ್ಮ್ ತಿದ್ದಿದಾಗ ಪ್ರತಿ ಬದಲಿಸಿದರೆ ಆಯಿತು, ಟೈಪ್ ಮಾಡುತ್ತಿರುವವರನ್ನು ಎಬ್ಬಿಸಬೇಕಿಲ್ಲ.